ಒಂದು ರಾತ್ರಿಯ ಊರಿನಲ್ಲಿ ಬಲೂನು ಹಬ್ಬ

ಪೇಜ್ ನೋಡಬೇಕೆಂದೇ ಮನೆ ಬಿಟ್ಟು ಪೇಜ್‌ಗೆ ಬರುವವರು ಕಡಿಮೆ. ಅಮೆರಿಕದ ಅರಿಜೋನಾ ರಾಜ್ಯದ ಉತ್ತರದ ಅಂಚಿನಲ್ಲಿ, ಯೂಟಾ ಗಡಿಗೆ ತಾಗಿಕೊಂಡಂತಿರುವ ಈ ಏಳೂವರೆ ಸಾವಿರ ಜನರ ಊರು ಎಲ್ಲದರ ನಡುವೆ ಕೂತಿದೆ. ಪೂರ್ವಕ್ಕೆ ಎರಡು ಗಂಟೆ ಕಾರು ಓಡಿಸಿದರೆ ಮಾನ್ಯುಮೆಂಟ್ ವ್ಯಾಲಿ, ಪಶ್ಚಿಮಕ್ಕೆ ಹೆಚ್ಚುಕಮ್ಮಿ ಅಷ್ಟೇ ಹೊತ್ತಿಗೆ ಜಯಾನ್ ರಾಷ್ಟ್ರೀಯ ಉದ್ಯಾನ, ಇನ್ನೊಂದು ದಿಕ್ಕಿಗೆ ಎರಡೂವರೆ ಗಂಟೆಯಲ್ಲಿ ಗ್ರ್ಯಾಂಡ್ ಕ್ಯಾನ್ಯನ್‌ನ ದಕ್ಷಿಣದಂಚು. ಲಾಸ್ ವೇಗಸ್‌ನಿಂದ ಹೊರಟರೂ ಫೀನಿಕ್ಸ್‌ನಿಂದ ಹೊರಟರೂ ನಾಲ್ಕೂವರೆ ಗಂಟೆಯ ಹಾದಿ. ಅಮೆರಿಕದ ಪಶ್ಚಿಮದಲ್ಲಿರುವ ಕನ್ನಡದ ಮನೆಗಳಲ್ಲಿ ಪ್ರವಾಸದ ಪಟ್ಟಿ ಹಾಕುವಾಗ 'ರಾತ್ರಿ ಪೇಜ್‌ನಲ್ಲಿ ಮಲಗಿ ಬೆಳಿಗ್ಗೆ ಎದ್ದು ಹೊರಡೋಣ' ಎಂಬ ಮಾತು ಬಂದೇ ಬರುತ್ತದೆ.

ನಮ್ಮ ಲೆಕ್ಕವೂ ಅದೇ ಇತ್ತು. ಅಕ್ಕ, ಭಾವ ಇರುವುದು ಫೀನಿಕ್ಸ್ ಹತ್ತಿರ. ಅಲ್ಲಿನ ಕನ್ನಡಿಗರ ರಾಜ್ಯೋತ್ಸವ ನವೆಂಬರ್ ಒಂದಕ್ಕೇ ನಡೆಯಬೇಕೆಂದೇನಿಲ್ಲ, ಸಭಾಂಗಣ ಸಿಕ್ಕ ಶನಿವಾರಕ್ಕೆ. ಆ ವರ್ಷ ಅದು ಮುಂದಕ್ಕೆ ಹೋಗಿ ತಿಂಗಳ ಮೊದಲ ವಾರಾಂತ್ಯ ಖಾಲಿ ಬಿತ್ತು. ಮಾನ್ಯುಮೆಂಟ್ ವ್ಯಾಲಿಗೆ ಹೋಗುವುದೆಂದು ಗೊತ್ತುಮಾಡಿ, ನಡುವೆ ತಂಗಲು ಭಾವ ರೂಮು ಹುಡುಕಿದರೆ ಎಲ್ಲ ಕಡೆ ಒಂದಕ್ಕೆ ಎರಡು ದರ. "ಈ ಮೂಲೆ ಊರಲ್ಲಿ ಯಾವ ಜಾತ್ರೆ ಇದೆಯಪ್ಪಾ?" ಎಂದು ಗೊಣಗಿದರು. ಜಾತ್ರೆಯೇ ಇತ್ತು. ಪ್ರತಿವರ್ಷ ನವೆಂಬರ್ ಮೊದಲ ವಾರಾಂತ್ಯದಲ್ಲಿ ಪೇಜ್‌ನಲ್ಲಿ ಬಿಸಿಗಾಳಿ ಬಲೂನುಗಳ ಹಬ್ಬ. ಲೇಕ್ ಪೊವೆಲ್ ಬಲೂನ್ ರಿಗಾಟಾ ಎಂದು ಅದಕ್ಕೆ ಹೆಸರು. ಹೇಗೂ ದುಬಾರಿ ಬಾಡಿಗೆ ಕೊಡುವವರು ಹಬ್ಬವನ್ನೂ ನೋಡಿಯೇ ಹೋಗೋಣ ಎಂದು ಅಕ್ಕ ತೀರ್ಪು ಕೊಟ್ಟಳು.

ಫ್ಲ್ಯಾಗ್‌ಸ್ಟಾಫ್‌ವರೆಗೆ ಪೈನ್ ಕಾಡು. ಅಲ್ಲಿಂದ 89ನೇ ಹೆದ್ದಾರಿ ಇಳಿಯುತ್ತಾ ಹೋದಂತೆ ಮರಗಳು ಕುಳ್ಳಾಗಿ, ಪೊದೆಗಳಾಗಿ, ಕೊನೆಗೆ ಅವೂ ಇಲ್ಲವಾಗಿ ಬೂದಿ, ಕೆಂಪು, ನಸುನೇರಳೆ ಪಟ್ಟೆಗಳ ಬೋಳು ನೆಲ ಉಳಿಯುತ್ತದೆ. ಕ್ಯಾಮರನ್ ಎಂಬಲ್ಲಿ ದಾಟುವ ಲಿಟಲ್ ಕೊಲರಾಡೊ ನದಿಯಲ್ಲಿ ವರ್ಷದ ಬಹುಪಾಲು ಮರಳೇ ಜಾಸ್ತಿ. ಈ ನೆಲವೆಲ್ಲ ನವಾಹೋ ನೇಷನ್. ಮೂರು ರಾಜ್ಯಗಳಲ್ಲಿ ಹರಡಿರುವ, 70,000 ಚದರ ಕಿಲೋಮೀಟರ್ ಮೀರಿದ, ಎಂದರೆ ಕರ್ನಾಟಕದ ಮೂರನೇ ಒಂದು ಭಾಗಕ್ಕಿಂತ ತುಸು ದೊಡ್ಡದಾದ ಮೂಲನಿವಾಸಿಗಳ ನಾಡು. ಅವರಿಗೆ ಅವರದೇ ಅಧ್ಯಕ್ಷ, ಅವರದೇ ಶಾಸನಸಭೆ, ಅವರದೇ ಪೊಲೀಸು. 1864ರಲ್ಲಿ ಅಮೆರಿಕದ ಸೈನ್ಯ ಈ ಜನರ ಹೊಲ, ಹಣ್ಣಿನ ತೋಟಗಳನ್ನು ಹಾಳುಗೆಡವಿ ಸಾವಿರಾರು ಮಂದಿಯನ್ನು ನ್ಯೂ ಮೆಕ್ಸಿಕೊದ ಬೋಸ್ಕೆ ರೆಡೊಂಡೊಗೆ ನಡೆಸಿಕೊಂಡು ಹೋಯಿತು. 1868ರ ಒಪ್ಪಂದದ ಬಳಿಕ ಅವರು ಹುಟ್ಟಿದ ನೆಲಕ್ಕೇ ಮರಳಿದರು. ಅಮೆರಿಕದಲ್ಲಿ ಹಾಗೆ ಮರಳಲು ಸಿಕ್ಕವರು ವಿರಳ. ರಸ್ತೆ ಬದಿಯ ತಗಡಿನ ಮಳಿಗೆಗಳಲ್ಲಿ ಬೆಳ್ಳಿಯಲ್ಲಿ ಕೂರಿಸಿದ ನೀಲಿ ಹರಳಿನ ಸರ, ಬಳೆಗಳನ್ನು ಮಾರಲು ಕೂತವರು ಅವರ ಮರಿಮಕ್ಕಳು.

ಎಕೋ ಕ್ಲಿಫ್ಸ್ ಎಂಬ ಕೆಂಪು ಗೋಡೆಯನ್ನು ಕಡಿದು ರಸ್ತೆ ಮೇಲೇರುತ್ತದೆ. 2013ರಲ್ಲಿ ಇಲ್ಲೇ ಗುಡ್ಡ ಜಾರಿ, ಡಾಂಬರು ಬಾಯಿಬಿಟ್ಟು, ಎರಡು ವರ್ಷ ಹೆದ್ದಾರಿ ಮುಚ್ಚಿತ್ತು. ಮೇಲೆ ನಿಂತು ಹಿಂತಿರುಗಿ ನೋಡಿದರೆ ಕೆಳಗಿನ ಬಯಲನ್ನು ಯಾರೋ ಕುಡುಗೋಲಿನಿಂದ ಸೀಳಿದಂತೆ ಒಂದು ಕಪ್ಪು ಗೆರೆ. ಅದು ಮಾರ್ಬಲ್ ಕ್ಯಾನ್ಯನ್. ಅದರ ತಳದಲ್ಲಿ ಕೊಲರಾಡೊ ಹರಿಯುತ್ತಿದೆ ಎಂದು ಅಷ್ಟು ದೂರದಿಂದ ನಂಬುವುದು ಕಷ್ಟ.

ಊರಿಗಿಂತ ಮೊದಲೇ ಹಾರ್ಸ್‌ಶೂ ಬೆಂಡ್ ಸಿಗುತ್ತದೆ. ನದಿ ಲಾಳದಂತೆ ಸುತ್ತುಬಳಸಿ ಬರುವ ಈ ತಿರುವನ್ನು ಕ್ಯಾಲೆಂಡರುಗಳಲ್ಲಿ, ಫೋನಿನ ಪರದೆಗಳಲ್ಲಿ ನೋಡದವರಿಲ್ಲ, ಹಾಗಾಗಿ ಹೆಚ್ಚು ಹೇಳುವುದಿಲ್ಲ. ಕಾರು ನಿಲ್ಲಿಸಲು ಪೇಜ್ ನಗರಸಭೆಗೆ ದುಡ್ಡು ಕಟ್ಟಿ, ಮರಳಿನಲ್ಲಿ ನಡೆದು, ಸಾವಿರ ಅಡಿ ಪ್ರಪಾತದ ಅಂಚಿಗೆ ನಿಲ್ಲಬೇಕು. 2018ರವರೆಗೆ ಅಲ್ಲಿ ಕಂಬಿಯೂ ಇರಲಿಲ್ಲ. ಗಮನಿಸಬೇಕಾದ್ದು ಚಿತ್ರದಲ್ಲಿ ಎಲ್ಲರೂ ಮೆಚ್ಚುವ ಆ ಪಚ್ಚೆ ಬಣ್ಣದ ನೀರು. ಈ ನದಿ ಹುಟ್ಟಿದಾಗಿನಿಂದ ಹರಿದದ್ದು ಕೆಂಪಗೆ, ರಾಡಿಯಾಗಿ. ನಾಲ್ಕಾರು ಮೈಲಿ ಮೇಲೆ ಗ್ಲೆನ್ ಕ್ಯಾನ್ಯನ್ ಅಣೆಕಟ್ಟು ಎದ್ದ ಮೇಲೆ ಹೂಳೆಲ್ಲ ಅದರ ಹಿಂದೆ ಕೂತಿತು. ಜಲಾಶಯದ ಆಳದಿಂದ ಬಿಡುವ ನೀರು ಸೋಸಿದಂತೆ ತಿಳಿಯಾಗಿ, ಕೈಯಿಟ್ಟರೆ ಜುಮ್ಮೆನ್ನುವಷ್ಟು ತಣ್ಣಗಾಗಿ ಹರಿಯತೊಡಗಿತು. ಬೆಚ್ಚನೆಯ ರಾಡಿಗೆ ಒಗ್ಗಿದ್ದ ಮೀನುಗಳು ಸೊರಗಿದವು, ಹೊರಗಿನಿಂದ ತಂದು ಬಿಟ್ಟ ಟ್ರೌಟ್ ಮೀನುಗಳು ಕೊಬ್ಬಿದವು. ಜಗತ್ತಿನ ಅತಿ ಹೆಚ್ಚು ಫೋಟೊ ಕಂಡ 'ನಿಸರ್ಗದೃಶ್ಯ'ಗಳಲ್ಲಿ ಒಂದರ ಬಣ್ಣ ಎಂಜಿನಿಯರುಗಳು ಕೊಟ್ಟದ್ದು.

ಪೇಜ್ ಎಂಬ ಊರನ್ನು ಕೊಟ್ಟದ್ದೂ ಅವರೇ. 1956ರ ಅಕ್ಟೋಬರ್ 15ರಂದು ಅಧ್ಯಕ್ಷ ಐಸೆನ್‌ಹೋವರ್ ವಾಷಿಂಗ್ಟನ್ನಿನ ಶ್ವೇತಭವನದಲ್ಲಿ ಕೂತು ಟೆಲಿಗ್ರಾಫ್ ಕೀಲಿ ಒತ್ತಿದರು, ಇಲ್ಲಿ ಬಂಡೆ ಸಿಡಿಯಿತು. ಕೆಲಸಗಾರರನ್ನು ಇರಿಸಲು ಊರು ಬೇಕಲ್ಲ? ಮ್ಯಾನ್ಸನ್ ಮೇಸಾ ಎಂಬ ಬೋಳು ಮಟ್ಟಸಗುಡ್ಡವನ್ನು ನವಾಹೋಗಳಿಂದ ಪಡೆದು, ಬದಲಿಗೆ ಯೂಟಾದಲ್ಲಿ ಬೇರೆ ಜಮೀನು ಕೊಟ್ಟು, 1957ರಲ್ಲಿ ಸರ್ಕಾರ ಶಿಬಿರ ಹಾಕಿತು. ನೀರಾವರಿ ಇಲಾಖೆಯ ಹಳೆಯ ಮುಖ್ಯಸ್ಥ ಜಾನ್ ಪೇಜ್ ಅವರ ಹೆಸರಿಟ್ಟಿತು. ಚರ್ಚ್ ಕಟ್ಟುತ್ತೇವೆಂದು ಬಂದವರಿಗೆಲ್ಲ ಒಂದೇ ರಸ್ತೆಯಲ್ಲಿ ನಿವೇಶನ ಕೊಟ್ಟಿದ್ದರಿಂದ ಇವತ್ತಿಗೂ ಒಂದು ಡಜನ್‌ನಷ್ಟು ಪಂಗಡಗಳ ಚರ್ಚುಗಳು ಅಲ್ಲಿ ಸಾಲಾಗಿ ನಿಂತಿವೆ. 1959ರಲ್ಲಿ ಸೇತುವೆ ಆಗುವ ಮೊದಲು ಕಮರಿಯ ಈ ದಡದಿಂದ ಕಣ್ಣೆದುರಿನ ಆ ದಡಕ್ಕೆ ಹೋಗಬೇಕಾದರೆ ಸುಮಾರು 200 ಮೈಲಿ ಸುತ್ತಬೇಕಿತ್ತು. 710 ಅಡಿ ಎತ್ತರದ ಅಣೆಕಟ್ಟಿನ ಹಿಂದೆ 1963ರ ಮಾರ್ಚ್‌ನಲ್ಲಿ ನೀರು ನಿಲ್ಲತೊಡಗಿತು. ಜಲಾಶಯ ಮೊದಲ ಸಲ ತುಂಬಿದ್ದು 1980ರಲ್ಲಿ. 186 ಮೈಲಿ ಉದ್ದ! 1869ರಲ್ಲಿ ನಾಲ್ಕು ದೋಣಿಗಳಲ್ಲಿ ಈ ನದಿ ಇಳಿದ ಜಾನ್ ವೆಸ್ಲಿ ಪೊವೆಲ್, ಒಂದು ಕೈಯನ್ನು ಅಂತರ್ಯುದ್ಧದಲ್ಲಿ ಕಳೆದುಕೊಂಡಿದ್ದ ಮನುಷ್ಯ, ಇಲ್ಲಿನ ಕಣಿವೆಯ ಸೊಬಗಿಗೆ ಮರುಳಾಗಿ ಗ್ಲೆನ್ ಕ್ಯಾನ್ಯನ್ ಎಂದು ಹೆಸರಿಟ್ಟಿದ್ದ. ಆ ಕಣಿವೆಯನ್ನು ಮುಳುಗಿಸಿದ ನೀರಿಗೆ ಅವನದೇ ಹೆಸರು.

ಪ್ರವಾಸದ ಕೈಪಿಡಿಗಳು ಹೇಳದೆ ಬಿಡುವ ಸಂಗತಿ ಇದೇ. ನಾವೆಲ್ಲ ದುಡ್ಡು ಕೊಟ್ಟು ನೋಡಿ ಬರುವ ಕಮರಿಗಳು ಉಳಿದ ಚೂರುಪಾರು, ದೊಡ್ಡದು ನೀರಿನಡಿಯಲ್ಲಿದೆ. ಸಿಯೆರಾ ಕ್ಲಬ್ ಎಂಬ ಪರಿಸರ ಸಂಘಟನೆಯ ಮುಖ್ಯಸ್ಥರಾಗಿದ್ದ ಡೇವಿಡ್ ಬ್ರೋವರ್ ಬೇರೊಂದು ಕಣಿವೆಯನ್ನು ಉಳಿಸುವ ರಾಜಿಯಲ್ಲಿ ಈ ಅಣೆಕಟ್ಟಿನ ವಿರೋಧವನ್ನು ಬಿಟ್ಟುಕೊಟ್ಟರು, ಆಮೇಲೆ ಬದುಕಿಡೀ ಅದಕ್ಕಾಗಿ ಮರುಗಿದರು. ಮುಳುಗಡೆಗೆ ಮೊದಲು ಎಲಿಯಟ್ ಪೋರ್ಟರ್ ತೆಗೆದ ಫೋಟೊಗಳು 1963ರಲ್ಲಿ ಪುಸ್ತಕವಾಗಿ ಬರುವ ಹೊತ್ತಿಗೆ ನೀರು ಏರುತ್ತಿತ್ತು. 1981ರಲ್ಲಿ ಕೆಲವು ಕಿಡಿಗೇಡಿ ಪರಿಸರವಾದಿಗಳು ಅಣೆಕಟ್ಟಿನ ಮೇಲಿನಿಂದ 300 ಅಡಿ ಉದ್ದದ ಕಪ್ಪು ಪ್ಲಾಸ್ಟಿಕ್ ಹಾಳೆ ಇಳಿಬಿಟ್ಟು ಕಟ್ಟೆ ಬಿರುಕು ಬಿಟ್ಟಂತೆ ತೋರಿಸಿದರು. ಈಗ ಜಲಾಶಯ ಬರಿದಾಗಿಸುವ ಕೆಲಸವನ್ನು ಬರವೇ ಮಾಡುತ್ತಿದೆ. 2000ದಿಂದೀಚೆಗೆ ನದಿಗೆ ಬರುವ ನೀರು ಸೊರಗಿ, 2023ರ ಫೆಬ್ರುವರಿಯಲ್ಲಿ ಜಲಾಶಯ ತುಂಬಿದಂದಿನಿಂದ ಕಂಡರಿಯದ ತಳಮಟ್ಟಕ್ಕೆ ಇಳಿಯಿತು. ಕೆಂಪು ಬಂಡೆಗಳ ಮೇಲೆ ಹಳೆಯ ಮಟ್ಟದವರೆಗೆ ಸುಣ್ಣ ಬಳಿದಂತೆ ಬಿಳಿ ಪಟ್ಟೆ. ಕತೀಡ್ರಲ್ ಇನ್ ದ ಡೆಸರ್ಟ್ ಎಂಬ ಬಂಡೆಯ ಗವಿ, ಗ್ರೆಗರಿ ಎಂಬ ಕಲ್ಲಿನ ಕಮಾನು ಅರ್ಧ ಶತಮಾನದ ಮೇಲೆ ನೀರಿನಿಂದ ತಲೆಯೆತ್ತಿವೆ. ಶರಾವತಿ ಕಡೆಯವರಿಗೆ ಇದನ್ನು ವಿವರಿಸಬೇಕಿಲ್ಲ. 1964ರ ಲಿಂಗನಮಕ್ಕಿಯ ಹಿನ್ನೀರು ಇಳಿದ ಬೇಸಿಗೆಗಳಲ್ಲಿ 1948ರ ಹಿರೇಭಾಸ್ಕರದ ಮಡೆನೂರು ಅಣೆಕಟ್ಟು ಹೊರಬಂದಾಗ ನೋಡಲು ಓಡುವವರು ನಾವು.

ಶನಿವಾರ ಬೆಳಗಿನ ಜಾವ ಎದ್ದಾಗ ಕಾರಿನ ಗಾಜಿನ ಮೇಲೆ ಮಂಜು ಕಟ್ಟಿತ್ತು. ಬಲೂನಿನವರಿಗೆ ಬೇಕಾದ್ದು ಇಂಥ ಚಳಿಯೇ. ಒಂದು ಸಾಧಾರಣ ಬಲೂನಿನೊಳಗೆ ಎರಡು ಸಾವಿರ ಘನಮೀಟರಿಗೂ ಹೆಚ್ಚು ಗಾಳಿ ಹಿಡಿಯುತ್ತದೆ. ಹೊರಗೆ ನೀರು ಹೆಪ್ಪುಗಟ್ಟುವ ಚಳಿಯಿದ್ದು ಒಳಗಿನ ಗಾಳಿಯನ್ನು ನೂರು ಡಿಗ್ರಿಯ ಹತ್ತಿರ ಕಾಯಿಸಿದರೆ ಆರುನೂರು ಕಿಲೋ ಆಸುಪಾಸಿನ ಭಾರ ಎತ್ತಬಲ್ಲದು: ಬಟ್ಟೆ, ಬೆತ್ತದ ಬುಟ್ಟಿ, ಗ್ಯಾಸ್ ಸಿಲಿಂಡರು, ಮೂರುನಾಲ್ಕು ಜನ. ಸೆಖೆಯ ದಿನ ಇದೇ ಬಲೂನು ಒಬ್ಬಿಬ್ಬರನ್ನು ಕೆಳಗಿಳಿಸಿ ಹಾರಬೇಕಾಗುತ್ತದೆ. ಬಿಸಿಲೇರಿ ನೆಲ ಕಾದರೆ ಗಾಳಿ ಎದ್ದು ಕುಣಿಯುವುದರಿಂದ ಸೂರ್ಯ ಹುಟ್ಟಿದ ಮೊದಲ ಒಂದೆರಡು ಗಂಟೆಯೇ ಮುಹೂರ್ತ. ಪೈಲಟ್ ಒಬ್ಬರು ಹೀಲಿಯಂ ತುಂಬಿದ ಪುಟ್ಟ ಬಲೂನೊಂದನ್ನು ಕತ್ತಲಲ್ಲಿ ಹಾರಿಬಿಟ್ಟು ಅದು ಎಷ್ಟೆತ್ತರದಲ್ಲಿ ಯಾವ ಕಡೆ ಹೊರಳುತ್ತದೆಂದು ಕತ್ತೆತ್ತಿ ನೋಡುತ್ತಿದ್ದರು. ಬಲೂನಿಗೆ ಚುಕ್ಕಾಣಿ ಇಲ್ಲ. ಬೇರೆ ಬೇರೆ ಎತ್ತರದಲ್ಲಿ ಗಾಳಿ ಬೇರೆ ಬೇರೆ ದಿಕ್ಕಿಗೆ ಬೀಸುವುದನ್ನು ಹಿಡಿದು, ಏರುತ್ತಾ ಇಳಿಯುತ್ತಾ ಬೇಕಾದತ್ತ ಜಾರುವುದೇ ಅವರ ವಿದ್ಯೆ.

ಹಬ್ಬದ ಚಂದ ಏನೆಂದರೆ ನೋಡುವವರಿಗೂ ಮಾಡುವವರಿಗೂ ನಡುವೆ ಹಗ್ಗ ಕಟ್ಟಿರುವುದಿಲ್ಲ. ಮೈದಾನದ ತುಂಬ ಹಾಸಿದ ಬಣ್ಣದ ನೈಲಾನ್ ಬಟ್ಟೆಗಳ ನಡುವೆ ಮಕ್ಕಳು ಓಡಾಡುತ್ತಿದ್ದವು. ಕೈ ಸಾಲದೆ ಒಂದು ತಂಡದವರು ಅಕ್ಕನನ್ನೂ ಭಾವನನ್ನೂ ಕರೆದು ಬಲೂನಿನ ಬಾಯನ್ನು ಎರಡು ಕಡೆ ಅಗಲಿಸಿ ಹಿಡಿಯಲು ಹೇಳಿದರು. ದೊಡ್ಡ ಫ್ಯಾನು ತಣ್ಣನೆ ಗಾಳಿ ತುಂಬಿತು, ಬಟ್ಟೆ ಮಲಗಿದಲ್ಲೇ ಉಬ್ಬಿತು, ಆಮೇಲೆ ಪೈಲಟ್ ಬರ್ನರ್ ತಿರುಗಿಸಿ ಒಳಕ್ಕೆ ಬೆಂಕಿ ಊದಿದರು. ಆ ಸದ್ದಿಗೆ ಭಾವ ಬಾಯಿ ಬಿಟ್ಟೇ ಓಡುವವರಿದ್ದರು. "ರೀ, ಗಟ್ಟಿಯಾಗಿ ಹಿಡ್ಕೊಳ್ರೀ!" ಎಂದು ಅಕ್ಕ ಆ ಕಡೆಯಿಂದ ಕೂಗಿದಳು. ಮನೆಯಷ್ಟು ದೊಡ್ಡದೊಂದು ಗುಮ್ಮಟ ನಿಧಾನಕ್ಕೆ ಎದ್ದು ನಿಂತು, ಬುಟ್ಟಿಯ ಅಂಚಿಗೆ ಕೈಕೊಟ್ಟು ತಡೆದಿದ್ದವರೆಲ್ಲ ಕೈಬಿಟ್ಟೊಡನೆ, ಸದ್ದೇ ಇಲ್ಲದೆ ನೆಲ ಬಿಟ್ಟಿತು. ಒಂದಾದ ಮೇಲೊಂದು ಹತ್ತಾರು. ಅವುಗಳ ಹಿಂದೆ ಹೊಗೆರಂಗಿನ ನವಾಹೋ ಪರ್ವತ, ಈಚೆ ಜಲಾಶಯದ ನೀಲಿ ಗೀಟು.

1783ರಲ್ಲಿ ಫ್ರಾನ್ಸಿನ ಮಾಂಗೊಲ್ಫಿಯೇ ಸೋದರರು ವರ್ಸೇಲ್ಸ್‌ನ ಅರಮನೆಯೆದುರು ಮೊದಲು ಹಾರಿಸಿದ್ದು ಒಂದು ಕುರಿ, ಒಂದು ಬಾತುಕೋಳಿ, ಒಂದು ಹುಂಜವನ್ನು. ಮನುಷ್ಯರ ಸರದಿ ಅದಾದ ಎರಡು ತಿಂಗಳಿಗೆ. ಆಮೇಲೆ ಈ ವಿದ್ಯೆ ಮೂಲೆ ಸೇರಿತು. 1960ರಲ್ಲಿ ನೆಬ್ರಾಸ್ಕದ ಬ್ರೂನಿಂಗ್‌ನಲ್ಲಿ ಎಡ್ ಯೋಸ್ಟ್ ಪ್ರೊಪೇನ್ ಬರ್ನರನ್ನು ಬುಟ್ಟಿಯ ಜೊತೆಗೇ ಒಯ್ದು ಹಾರಿದ ಮೇಲೆ ಇದು ಮತ್ತೆ ಜೀವ ಪಡೆಯಿತು. ಪಕ್ಕದ ನ್ಯೂ ಮೆಕ್ಸಿಕೊದ ಆಲ್ಬುಕರ್ಕಿಯಲ್ಲಿ 1972ರಲ್ಲಿ 13 ಬಲೂನುಗಳಿಂದ ಶುರುವಾದ ಅಕ್ಟೋಬರ್ ಮೇಳ ಈಗ ಜಗತ್ತಿಗೇ ದೊಡ್ಡದು. ಅದರೆದುರು ಪೇಜ್‌ನದು ಊರಹಬ್ಬ. ನನಗೆ ಹಿಡಿಸಿದ್ದೂ ಅದಕ್ಕೇ.

ಮಧ್ಯಾಹ್ನಕ್ಕೆ ಆ್ಯಂಟಿಲೋಪ್ ಕ್ಯಾನ್ಯನ್. ಹೊರಡುವ ಮೊದಲು ಗಡಿಯಾರದ ಒಂದು ಗೋಜಲು ಬಿಡಿಸಿಕೊಳ್ಳಬೇಕು. ಅರಿಜೋನಾ ರಾಜ್ಯ ಬೇಸಿಗೆಯಲ್ಲಿ ಗಡಿಯಾರ ಮುಂದಿಡುವುದಿಲ್ಲ. ಮೂರು ರಾಜ್ಯಗಳಲ್ಲಿ ಚಾಚಿಕೊಂಡಿರುವ ನವಾಹೋ ನೇಷನ್ ಇಡುತ್ತದೆ. ಪೇಜ್ ಊರು ಅರಿಜೋನಾದ ಲೆಕ್ಕಕ್ಕೆ, ಐದು ನಿಮಿಷದಾಚೆಯ ಕಮರಿ ನವಾಹೋ ನೆಲದಲ್ಲಿ. ಅಲ್ಲಿಗೆ ಹೋಗುತ್ತಲೇ ಫೋನು ತಾನಾಗಿ ಒಂದು ಗಂಟೆ ಮುಂದೆ ಹಾರುತ್ತದೆ, ಹೊರಳಿದರೆ ಹಿಂದೆ. ಆದರೆ ಕಮರಿ ತೋರಿಸುವವರು ನಡೆಸುವುದು ಪೇಜ್ ಗಂಟೆಯಲ್ಲೇ! ಬಲೂನು ಹಬ್ಬದ ಭಾನುವಾರ ಬೆಳಗಿನ ಜಾವ ಎರಡಕ್ಕೆ ದೇಶದ ಬೇಸಿಗೆ ಗಂಟೆ ಮುಗಿಯುವುದರಿಂದ ಶನಿವಾರ ಇದ್ದ ಗೊಂದಲ ಭಾನುವಾರ ಇರುವುದಿಲ್ಲ. ಭಾವ ಕಟ್ಟಿದ್ದ ಕೈಗಡಿಯಾರ, ಅಮಾಯಕ ವಸ್ತು, ಮೊದಲಿನಿಂದ ಕೊನೆಯವರೆಗೆ ಸರಿಯಾಗಿತ್ತು.

ಕಮರಿಗೆ ನವಾಹೋ ಗೈಡ್ ಇಲ್ಲದೆ ಯಾರೂ ಇಳಿಯುವಂತಿಲ್ಲ. ಹೊರಗಿನಿಂದ ಏನೂ ಕಾಣದು. ಬಯಲಲ್ಲಿ ನಡೆಯುತ್ತಿದ್ದಂತೆ ಕಾಲಬುಡದಲ್ಲಿ ನೆಲ ಬಿರಿದಿರುತ್ತದೆ. ಆ ಬಿರುಕಿನಲ್ಲಿ ಉಕ್ಕಿನ ಮೆಟ್ಟಿಲಿಳಿದರೆ ಕೆಳ ಆ್ಯಂಟಿಲೋಪ್. ರಸ್ತೆಯಾಚೆಯ ಮೇಲಿನ ಕಮರಿಗೆ ನೆಲಮಟ್ಟದಲ್ಲೇ ನಡೆದು ಒಳಹೋಗಬಹುದು. ಕ್ಯಾಲೆಂಡರಿನ ಬಿಸಿಲುಕೋಲು ಬೀಳುವುದು ಅಲ್ಲಿ, ಅದೂ ಮಾರ್ಚ್ ಕೊನೆಯಿಂದ ಅಕ್ಟೋಬರ್ ಮೊದಲವರೆಗಿನ ನಡುಹಗಲಲ್ಲಿ. ನವೆಂಬರಿನಲ್ಲಿ ಬಿಸಿಲು ತಳ ಮುಟ್ಟದು. ನಾವು ಕೆಳಗಿನದನ್ನು ಆರಿಸಿದೆವು. ಎರಡೂ ಕಡೆ ಗೋಡೆಗಳು ಬಾಗುತ್ತಾ ಬಳುಕುತ್ತಾ ಒಂದನ್ನೊಂದು ತಾಗುವಂತೆ ಬಂದು ದೂರ ಸರಿಯುತ್ತವೆ. ಮೇಲಿಂದ ಇಣುಕುವ ಬೆಳಕು ಒಂದು ಗೋಡೆಗೆ ಬಿದ್ದು ಎದುರಿನದಕ್ಕೆ ಚಿಮ್ಮಿ, ಅಲ್ಲಿಂದ ಮತ್ತೆ ಈಚೆಗೆ ಬಂದು, ಕೆಳಗಿಳಿಯುವಷ್ಟರಲ್ಲಿ ಅರಿಸಿನದಿಂದ ಕುಂಕುಮಕ್ಕೆ, ತಳದಲ್ಲಿ ನೇರಳೆಗೆ ತಿರುಗಿರುತ್ತದೆ. ಗೈಡ್ ನಮ್ಮ ಫೋನುಗಳನ್ನು ಇಸಿದುಕೊಂಡು ಕ್ಯಾಮೆರಾದ ಬಣ್ಣದ ಸೆಟ್ಟಿಂಗನ್ನು ಚಕಚಕ ಬದಲಾಯಿಸಿ ಕೊಟ್ಟ. ಫೋಟೊಗಳು ಕಣ್ಣಿಗೆ ಕಂಡದ್ದಕ್ಕಿಂತ ಕೆಂಪಗೆ ಬಂದವು. ಇಲ್ಲಿ ತೆಗೆದ ಒಂದು ಕಪ್ಪುಬಿಳುಪು ಚಿತ್ರವನ್ನು 65 ಲಕ್ಷ ಡಾಲರಿಗೆ ಮಾರಿದ್ದಾಗಿ ಪೀಟರ್ ಲಿಕ್ ಎಂಬ ಛಾಯಾಗ್ರಾಹಕ 2014ರಲ್ಲಿ ಹೇಳಿಕೊಂಡಿದ್ದ. ಅದನ್ನು ನಂಬದವರೂ ಬಹಳ ಜನ.

ಗೋಡೆಯನ್ನು ಹತ್ತಿರದಿಂದ ನೋಡಿದರೆ ಸಣ್ಣ ಸಣ್ಣ ಓರೆ ಗೀಟುಗಳು. ಸುಮಾರು 19 ಕೋಟಿ ವರ್ಷಗಳ ಹಿಂದೆ ಇಲ್ಲಿ ಬೀಸಿದ ಗಾಳಿ ಪೇರಿಸಿದ ಮರಳುದಿಬ್ಬಗಳ ಇಳಿಜಾರುಗಳು ಅವು. ಆ ಮರುಭೂಮಿ ಹೂತು, ಅಂಟಿಕೊಂಡು ಕಲ್ಲಾಯಿತು; ಮರಳಿನ ಕಣಗಳಿಗೆ ಮೆತ್ತಿದ ಕಬ್ಬಿಣದ ತುಕ್ಕು ಕೆಂಪು ಕೊಟ್ಟಿತು. ಕಲ್ಲಿನ ಬಿರುಕುಗಳಿಗೆ ನುಗ್ಗಿದ ಮಳೆನೀರು, ತಾನು ಹೊತ್ತು ತಂದ ಮರಳನ್ನೇ ಉಜ್ಜುಗಲ್ಲು ಮಾಡಿಕೊಂಡು ಈ ಓಣಿಯನ್ನು ಕೊರೆಯಿತು. ಆ ಕೆಲಸ ಮುಗಿದಿಲ್ಲ. 1997ರ ಆಗಸ್ಟ್ 12ರಂದು ಇಲ್ಲಿ ಮಳೆ ಇರಲಿಲ್ಲವೆಂದೇ ಹೇಳಬೇಕು. ಮೈಲಿಗಳಾಚೆ ಮೇಲ್ಭಾಗದಲ್ಲಿ ಸುರಿದ ಮೋಡದ ನೀರು ಒಣಹಳ್ಳದಲ್ಲಿ ಓಡಿ ಬಂದು ಈ ಬಿರುಕಿಗೆ ಇಳಿಯಿತು. ಹನ್ನೊಂದು ಪ್ರವಾಸಿಗರು ಸತ್ತರು, ಒಬ್ಬ ಗೈಡ್ ಮಾತ್ರ ಬದುಕಿಬಂದ. ಆಗ ಇದ್ದದ್ದು ಸಡಿಲ ಏಣಿಗಳು, ನೀರಿನ ಹೊಡೆತಕ್ಕೆ ಅವೂ ಹೋದವು. ಈಗ ಏಣಿಗಳನ್ನು ಬಂಡೆಗೆ ಬೋಲ್ಟು ಹಾಕಿ ಬಿಗಿದಿದ್ದಾರೆ, ಮೋಡದ ಸುದ್ದಿ ಬಂದರೆ ಆಕಾಶ ನಿಚ್ಚಳವಾಗಿದ್ದರೂ ಬಾಗಿಲು ಹಾಕುತ್ತಾರೆ. ದೂರದಿಂದ ಬಂದವರು ಅದಕ್ಕೆ ಜಗಳ ಕಾಯುವುದೂ ಉಂಟಂತೆ.

ಸಂಜೆ ಊರಿನ ಮುಖ್ಯರಸ್ತೆಗೆ ವಾಹನ ಬಿಡಲಿಲ್ಲ. ಎರಡೂ ಬದಿ ಅಂಗಡಿ ಸಾಲು. ನವಾಹೋ ಹೆಂಗಸರ ಬಾಣಲೆಗಳ ಮುಂದೆ ಉದ್ದದ ಕ್ಯೂ: ಅಂಗೈ ಮೇಲೆ ತಟ್ಟಿ ಕರಿದ ಫ್ರೈ ಬ್ರೆಡ್, ನಮ್ಮ ಭಟೂರೆಯ ದೊಡ್ಡಣ್ಣ. ಮೇಲೆ ಬೇಯಿಸಿದ ರಾಜ್ಮಾ ಜಾತಿಯ ಕಾಳು, ಕೀಮಾ, ಸೊಪ್ಪು, ಚೀಸ್ ಸುರಿದರೆ ನವಾಹೋ ಟಾಕೊ. ಅಕ್ಕ ಎಣ್ಣೆ ಯಾವುದೆಂದು ಕೇಳಿ, ಕೀಮಾ ಬೇಡವೆಂದು ಎರಡು ಸಲ ಹೇಳಿ, ಜೇನುತುಪ್ಪ ಹಚ್ಚಿದ್ದನ್ನು ತೆಗೆದುಕೊಂಡಳು. ಇದು ಅವರ ಪುರಾತನ ಅಡುಗೆಯೇನಲ್ಲ. ಬೋಸ್ಕೆ ರೆಡೊಂಡೊ ಸೆರೆಯ ದಿನಗಳಲ್ಲಿ ಸೈನ್ಯ ಕೊಟ್ಟ ಪಡಿತರ ಮೈದಾಹಿಟ್ಟು, ಹಂದಿಕೊಬ್ಬುಗಳಿಂದ ಹುಟ್ಟಿದ ತಿಂಡಿ. ನವಾಹೋಗಳಲ್ಲೇ ಕೆಲವರು ಅದನ್ನು ದೂರವಿಡುತ್ತಾರೆ, ಕೆಲವರು ಅಜ್ಜಿಯ ಕೈರುಚಿ ಎಂದು ಹಂಬಲಿಸುತ್ತಾರೆ. ಕತ್ತಲಾದ ಮೇಲೆ ನೆಲಕ್ಕೆ ಕಟ್ಟಿಹಾಕಿದ ಬಲೂನುಗಳು ಎಣಿಕೆ ಹೇಳಿಕೊಂಡು ಒಟ್ಟಿಗೇ ಬೆಂಕಿ ಊದಿದಾಗ ಬೀದಿಗೆ ಬೀದಿಯೇ ಹಣತೆಗಳ ಸಾಲಿನಂತೆ ಬೆಳಗಿತು. ಪೈಲಟ್‌ಗಳು ತಮ್ಮ ಬಲೂನಿನ ಚಿತ್ರವಿರುವ ಕಾರ್ಡುಗಳನ್ನು ಮಕ್ಕಳಿಗೆ ಹಂಚುತ್ತಿದ್ದರು. ಯಾರ ಹತ್ತಿರ ಎಷ್ಟಾಯಿತೆಂಬ ಪೈಪೋಟಿ ಬೇರೆ.

ನವೆಂಬರಿನಲ್ಲಿ ಹಬ್ಬವಿರುವುದಕ್ಕೆ ಚಳಿಗಾಳಿಯ ಜೊತೆ ಇನ್ನೊಂದು ಕಾರಣವೂ ಕಾಣುತ್ತದೆ: ಆ ಹೊತ್ತಿಗೆ ಬೇಸಿಗೆಯ ದೋಣಿವಿಹಾರದವರು ಖಾಲಿಯಾಗಿರುತ್ತಾರೆ. ಹೊರಗಿನವರ ಕೆಲಸಕ್ಕೆಂದು ಹುಟ್ಟಿದ ಈ ಊರು ಹೊರಗಿನವರನ್ನು ಕರೆಯಲು ನೆಪ ಹುಡುಕುತ್ತಲೇ ಇರಬೇಕು. ಅಣೆಕಟ್ಟಿನ ಕೆಲಸ ಮುಗಿದಾಗ ಕಲ್ಲಿದ್ದಲ ವಿದ್ಯುತ್ ಸ್ಥಾವರ ಬಂತು, ನೂರಾರು ನವಾಹೋ ಮನೆಗಳಿಗೆ ಸಂಬಳ ತಂತು. 2019ರ ನವೆಂಬರಿನಲ್ಲಿ ಅದೂ ನಿಂತಿತು. ಮರುವರ್ಷದ ಡಿಸೆಂಬರಿನಲ್ಲಿ ಅದರ 775 ಅಡಿಯ ಮೂರು ಚಿಮಣಿಗಳನ್ನು ಸಿಡಿಮದ್ದಿಟ್ಟು ಕೆಡವಿದರು.

ಭಾನುವಾರ ಬೆಳಿಗ್ಗೆ ಗಾಳಿ ಜೋರಾಗಿತ್ತು. ಒಂದು ಬಲೂನೂ ಏಳಲಿಲ್ಲ. ಯಾರೂ ಬೇಸರಪಟ್ಟುಕೊಂಡಂತೆ ಕಾಣಲಿಲ್ಲ, ಕಾಫಿ ಲೋಟ ಹಿಡಿದು ಹರಟೆಗೆ ನಿಂತರು. ನಾವು 98ನೇ ಹೆದ್ದಾರಿ ಹಿಡಿದು ಪೂರ್ವಕ್ಕೆ ಹೊರಟೆವು. ಚಿಮಣಿಗಳಿದ್ದ ಬಯಲು ದಾಟಿದ ಮೇಲೆ ಎದುರಿನಿಂದ ಬರುವ ಪಿಕಪ್ ಗಾಡಿಗಳಲ್ಲಿ ಕೆಲವು ಬೆನ್ನ ಮೇಲೆ ಪ್ಲಾಸ್ಟಿಕ್ ಟ್ಯಾಂಕು ಹೊತ್ತಿದ್ದವು.

"ಇದೇನು, ಟ್ಯಾಂಕರ್ ನೀರಾ? ಅಷ್ಟು ದೊಡ್ಡ ಕೆರೆ ಪಕ್ಕದಲ್ಲೇ ಇದೆಯಲ್ಲ!" ಎಂದಳು ಅಕ್ಕ.

ನವಾಹೋ ನೇಷನ್‌ನಲ್ಲಿ ಮೂರರಲ್ಲಿ ಒಂದರಷ್ಟು ಮನೆಗಳಿಗೆ ಕೊಳಾಯಿ ನೀರಿಲ್ಲ. ಊರ ಕಡೆಯ ನಲ್ಲಿಗಳಿಂದ ತುಂಬಿಸಿಕೊಂಡು ಹೋಗಬೇಕು. ಕೊಲರಾಡೊ ನದಿಯನ್ನು ಏಳು ರಾಜ್ಯಗಳು ಹಂಚಿಕೊಂಡ 1922ರ ಒಪ್ಪಂದಕ್ಕೆ ಅವರನ್ನು ಕರೆದೇ ಇರಲಿಲ್ಲ. ತಮಗೆ ಎಷ್ಟು ನೀರು ಬೇಕು, ಎಲ್ಲಿಂದ ಸಿಗುತ್ತದೆ ಎಂಬುದನ್ನಾದರೂ ಸರ್ಕಾರ ಲೆಕ್ಕ ಹಾಕಲಿ ಎಂದು ಅವರು ಹೂಡಿದ ದಾವೆಯಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ 2023ರ ಜೂನ್‌ನಲ್ಲಿ ತೀರ್ಪು ಕೊಟ್ಟಿತು: 1868ರ ಒಪ್ಪಂದದ ಪ್ರಕಾರ ಸರ್ಕಾರಕ್ಕೆ ಅಂಥ ಹೊಣೆಯಿಲ್ಲ. ಐವರು ನ್ಯಾಯಮೂರ್ತಿಗಳು ಹಾಗೆಂದರು, ನಾಲ್ವರು ಒಪ್ಪಲಿಲ್ಲ. ನದಿನೀರನ್ನು ಹಂಚುವ ಈಗಿನ ನಿಯಮಗಳ ಅವಧಿ 2026ಕ್ಕೆ ಮುಗಿಯುವಂಥದ್ದು. ಹೊಸ ಲೆಕ್ಕದಲ್ಲಿ ತಮಗೂ ಕುರ್ಚಿ ಬೇಕೆಂದು ನವಾಹೋಗಳ ಜೊತೆ ಈ ನದಿಯ ಇತರ ಬುಡಕಟ್ಟುಗಳೂ ಪಟ್ಟುಹಿಡಿದಿವೆ.